ಹಳ್ಳದ ಕರೆಂಟು, ಮಳೆಗಾಲದ ನೆಟ್: ಒಂದು ಸಣ್ಣ ಬಿಟ್‌ಕಾಯಿನ್ ಗಣಿಯ ಸಂಪರ್ಕದ ಪ್ರಕರಣ

ಈ ಪ್ರಕರಣ ನಡೆದದ್ದು ಹೊಸನಗರ ತಾಲ್ಲೂಕಿನಲ್ಲಿ, ಲಿಂಗನಮಕ್ಕಿ ಹಿನ್ನೀರಿಗೆ ಹತ್ತಿರವಿರುವ ಒಂದು ಒಂಟಿ ಮನೆಯಲ್ಲಿ. ನಾಡಿಗೆ ಬೆಳಕು ಕೊಡಲು ಮುಳುಗಿದ ಸೀಮೆಯಲ್ಲಿ ಬಹಳ ಕಾಲ ಮನೆಮನೆಗೆ ವಿದ್ಯುತ್ತಿರಲಿಲ್ಲವಾದ್ದರಿಂದ ಅಲ್ಲಿನ ಅನೇಕ ಕುಟುಂಬಗಳು ಹಳ್ಳದ ನೀರನ್ನೇ ನೆಚ್ಚಿಕೊಂಡವು. ಈ ಮನೆಯವರೂ ಗುಡ್ಡದಿಂದ ಇಳಿಯುವ ಹಳ್ಳಕ್ಕೆ ಪೈಪು ಹಾಕಿ, ಅಡಿಕೆ ತೋಟದ ಅಂಚಿನಲ್ಲಿ 3 ಕಿಲೋವ್ಯಾಟ್‌ನ ಸಣ್ಣ ಟರ್ಬೈನ್ ಕೂರಿಸಿಕೊಂಡಿದ್ದಾರೆ. ಜೂನ್ ಕೊನೆಯಿಂದ ಡಿಸೆಂಬರ್‌ವರೆಗೆ ಅದು ಹಗಲಿರುಳು ತಿರುಗುತ್ತದೆ. ಮನೆಯ ಬಳಕೆ ಸಂಜೆಯ ಹೊತ್ತಿನಲ್ಲೂ ಒಂದು ಕಿಲೋವ್ಯಾಟ್ ದಾಟುವುದಿಲ್ಲ. ಉಳಿದ ಕರೆಂಟನ್ನು ನಿಯಂತ್ರಕವು ಬಚ್ಚಲಿನ ಹಂಡೆಯಲ್ಲಿರುವ ಹೀಟರಿಗೆ ಹರಿಸುತ್ತದೆ. ಹಾಗೆ ಹರಿಸದಿದ್ದರೆ ಹೊರೆ ತಪ್ಪಿದ ಟರ್ಬೈನ್ ಮಿತಿಮೀರಿ ತಿರುಗಿ ಮನೆಯ ಬಲ್ಬುಗಳೆಲ್ಲ ಸುಟ್ಟುಹೋಗುತ್ತವೆ. ಮಳೆಗಾಲವಿಡೀ ಆ ಮನೆಯಲ್ಲಿ ಬಿಸಿನೀರಿಗೆ ಕೊರತೆಯಿಲ್ಲ.

ಹೀಗೆ ಹಂಡೆಗೆ ಹೋಗುತ್ತಿದ್ದ ಕರೆಂಟನ್ನು ಬಳಸಿ ಬಿಟ್‌ಕಾಯಿನ್ ಮೈನಿಂಗ್ ಮಾಡಬಹುದೆಂದು ಹೊಳೆದದ್ದು ಮನೆಯ ಮಗನಿಗೆ. ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ವಹಿವಾಟುಗಳು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕಪುಸ್ತಕಕ್ಕೆ ಬ್ಲಾಕ್ ಎಂಬ ಕಂತುಗಳಲ್ಲಿ ಸೇರುತ್ತವೆ; ಮುಂದಿನ ಕಂತನ್ನು ಸೇರಿಸುವ ಹಕ್ಕಿಗಾಗಿ ಯಂತ್ರಗಳು ನಡೆಸುವ ಊಹೆಯ ಪಂದ್ಯವೇ ಮೈನಿಂಗ್, ಗೆದ್ದವರಿಗೆ ಬಹುಮಾನ ಸಿಗುತ್ತದೆ. ಆತ ಇದಕ್ಕೆಂದೇ ತಯಾರಾದ 2 ಹಳೆಯ ಆಂಟ್‌ಮೈನರ್ ಎಸ್9 ಯಂತ್ರಗಳನ್ನು ಕೊಂಡು ತಂದ. ಇವು 2016ರ ಮಾದರಿಯವು. ಪೂರ್ಣ ವೇಗದಲ್ಲಿ ಸೆಕೆಂಡಿಗೆ ಸುಮಾರು 13.5 ಟೆರಾಹ್ಯಾಶ್ (ಒಂದು ಟೆರಾಹ್ಯಾಶ್ ಅಂದರೆ ಲಕ್ಷ ಕೋಟಿ ಊಹೆ) ಕೊಟ್ಟು 1,300 ವ್ಯಾಟ್‌ಗೂ ಹೆಚ್ಚು ನುಂಗುತ್ತವೆ. ವೇಗವನ್ನು ಇಳಿಸಿ, ತಲಾ 800 ವ್ಯಾಟ್ ಆಸುಪಾಸಿನಲ್ಲಿ ತಲಾ 10 ಟೆರಾಹ್ಯಾಶ್ ಸಿಗುವಂತೆ ಹೊಂದಿಸಲಾಯಿತು. ವಿದ್ಯುತ್ ಕಂಪನಿಯ ದರ ಕೊಟ್ಟು ಇವನ್ನು ನಡೆಸಿದರೆ ಮೊದಲ ದಿನದಿಂದಲೇ ನಷ್ಟ. ಕರೆಂಟು ಪುಕ್ಕಟೆಯಾಗಿರುವುದೊಂದೇ ಈ ಸಾಹಸಕ್ಕಿರುವ ಆಧಾರ. ತೊಡಕಿದ್ದದ್ದು ಇಂಟರ್ನೆಟ್‌ನಲ್ಲಿ: ಹಳ್ಳ ತುಂಬಿ ಹರಿದು ಕರೆಂಟು ಧಾರಾಳವಾಗಿರುವ ತಿಂಗಳುಗಳಲ್ಲೇ ಮರ ಬಿದ್ದು, ಕಂಬ ವಾಲಿ, ನೆಟ್ ಕೈಕೊಡುತ್ತದೆ. ನಾನು ನೆಟ್‌ವರ್ಕ್ ಕೆಲಸದವನಾದ್ದರಿಂದ ಮತ್ತು ಆ ಮನೆಗೆ ದೂರದ ನೆಂಟನೂ ಆದ್ದರಿಂದ, ಯಾವ ಸಂಪರ್ಕ ತೆಗೆದುಕೊಳ್ಳಬೇಕೆಂಬ ಪ್ರಶ್ನೆ ನನ್ನ ಬಳಿಗೆ ಬಂತು.

ಯಂತ್ರಕ್ಕೆ ಬೇಕಾದದ್ದು ಎಷ್ಟು

ಕೇಬಲ್‌ನವರು 200 ಎಂಬಿಪಿಎಸ್‌ನ ಯೋಜನೆಗೆ ಬದಲಾಗುವಂತೆ ಮನೆಯವರಿಗೆ ಸಲಹೆ ಕೊಟ್ಟಿದ್ದರು. ಅದರ ಅಗತ್ಯವೇ ಇಲ್ಲ. ಅನೇಕರು ಯಂತ್ರಬಲ ಒಟ್ಟುಗೂಡಿಸಿ ಬಹುಮಾನ ಹಂಚಿಕೊಳ್ಳುವ ಕೂಟಕ್ಕೆ, ಅಂದರೆ ಪೂಲ್‌ಗೆ, ಸೇರಿ ನಡೆಯುವ ಮೈನಿಂಗ್‌ನಲ್ಲಿ ಯಂತ್ರವು ಇಡೀ ಬ್ಲಾಕ್‌ಚೈನನ್ನು ಇಳಿಸಿಕೊಳ್ಳುವುದಿಲ್ಲ. 2012ರಲ್ಲಿ ಬಳಕೆಗೆ ಬಂದ ಸ್ಟ್ರಾಟಮ್ ಎಂಬ ನಿಯಮಾವಳಿಯಂತೆ, ಪೂಲ್‌ನ ಸರ್ವರ್ ಅರ್ಧ ನಿಮಿಷಕ್ಕೊಮ್ಮೆಯೋ ಹೊಸ ಬ್ಲಾಕ್ ಸಿಕ್ಕ ಕೂಡಲೇಯೋ ಒಂದೆರಡು ಕಿಲೋಬೈಟ್‌ನ ಕೆಲಸದ ಚೀಟಿಯನ್ನು ಕಳುಹಿಸುತ್ತದೆ, ಯಂತ್ರವು ತಾನು ಕಂಡುಕೊಂಡ ಶೇರ್‌ಗಳನ್ನು (ದುಡಿದದ್ದಕ್ಕೆ ಪುರಾವೆಯಾಗುವ ಉತ್ತರಗಳನ್ನು) ಕೆಲವು ನೂರು ಬೈಟ್‌ಗಳಲ್ಲಿ ಹಿಂದಿರುಗಿಸುತ್ತದೆ. ಎರಡೂ ಯಂತ್ರಗಳು ತಿಂಗಳಿಡೀ ನಡೆದರೂ ಬಳಕೆ 1 ಜಿಬಿಯ ಆಚೀಚೆ ನಿಲ್ಲುತ್ತದೆ, ಅಂದರೆ ಮನೆಯಲ್ಲಿ ಒಬ್ಬರು ಒಂದು ಸಿನಿಮಾ ನೋಡಿದಷ್ಟು. ಇಡೀ ಬ್ಲಾಕ್‌ಚೈನನ್ನು ತಾನೇ ಇಳಿಸಿ ಪರಿಶೀಲಿಸುವ ಸ್ವಂತ ಕಂಪ್ಯೂಟರನ್ನು (ಪೂರ್ಣ ನೋಡ್) ಇಟ್ಟುಕೊಂಡು ಒಂಟಿಯಾಗಿ ಮೈನಿಂಗ್ ಮಾಡುವವರ ಲೆಕ್ಕ ಬೇರೆ. ಅವರು 600 ಜಿಬಿಗೂ ಹೆಚ್ಚಿನ ಇತಿಹಾಸವನ್ನು ಮೊದಲು ಇಳಿಸಿಕೊಳ್ಳಬೇಕಾಗುತ್ತದೆ. 20 ಟೆರಾಹ್ಯಾಶ್‌ನ ಗಣಿಗೆ ಅದು ಲಾಟರಿ ಟಿಕೆಟ್ಟಿಗಿಂತ ಹೆಚ್ಚಿನದೇನೂ ಅಲ್ಲ.

ವೇಗದ ನಂತರ ಬರುವ ಮಾತು ವಿಳಂಬದ್ದು. ಸರ್ವರ್ ದೂರದಲ್ಲಿದ್ದಷ್ಟೂ, ಹೊಸ ಬ್ಲಾಕ್ ಬಂದ ಸುದ್ದಿ ತಡವಾಗಿ ತಲುಪಿ ಅಷ್ಟು ಹೊತ್ತಿನ ಕೆಲಸ ಹಳಸಿಹೋಗುತ್ತದೆ ಎಂಬ ಭಯ ನಿರಾಧಾರವಲ್ಲವಾದರೂ ಅದರ ಗಾತ್ರವನ್ನು ಅಳೆದು ನೋಡಬೇಕು. ಬಿಟ್‌ಕಾಯಿನ್‌ನಲ್ಲಿ ಬ್ಲಾಕ್ ಸರಾಸರಿ 10 ನಿಮಿಷಕ್ಕೆ, ಅಂದರೆ 600 ಸೆಕೆಂಡಿಗೆ ಒಂದು. ಸುದ್ದಿ 200 ಮಿಲಿಸೆಕೆಂಡ್ ತಡವಾದರೆ ಹಾಳಾಗುವ ಕೆಲಸ 600ರಲ್ಲಿ 0.2 ಭಾಗ, ಅಂದರೆ ಶೇ 0.03ರಷ್ಟು. ಭೂಸ್ಥಿರ ಉಪಗ್ರಹದ ಮೂಲಕ ಹೋಗಿ 600 ಮಿಲಿಸೆಕೆಂಡ್ ಹಿಡಿದರೂ ನಷ್ಟ ಶೇ 0.1. ಗೇಮಿಂಗ್‌ಗೆ ಹೇಳಿಮಾಡಿಸಿದ್ದೆಂದು ಮಾರುವ ದುಬಾರಿ ಯೋಜನೆಗಳಿಂದ ಈ ಯಂತ್ರಗಳಿಗೆ ಪ್ರಯೋಜನವಿಲ್ಲ. ಸ್ಥಿರ ಐಪಿ ವಿಳಾಸವೂ ಬೇಡ, ಏಕೆಂದರೆ ಯಂತ್ರವೇ ಹೊರಗಿನ ಸರ್ವರಿಗೆ ಕರೆ ಮಾಡುತ್ತದೆ, ಹೊರಗಿನಿಂದ ಯಾರೂ ಒಳಗೆ ಬರಬೇಕಾಗಿಲ್ಲ. ಉಳಿಯುವ ಪ್ರಶ್ನೆ ಒಂದೇ: ತಿಂಗಳಿನಲ್ಲಿ ಎಷ್ಟು ಗಂಟೆ ಸಂಪರ್ಕ ಇರುವುದಿಲ್ಲ, ಮತ್ತು ಆ ಗಂಟೆಯ ಬೆಲೆ ಎಷ್ಟು?

ಒಂದು ಗಂಟೆಯ ಬೆಲೆ

ವಿಶ್ವಾಸಾರ್ಹತೆಯ ಬಗ್ಗೆ ಮಾತನಾಡುವ ಬಹುತೇಕರು ಈ ಲೆಕ್ಕವನ್ನು ಮಾಡುವುದೇ ಇಲ್ಲ. ಇಡೀ ಜಾಲದ ಸಾಮರ್ಥ್ಯವನ್ನು ಸೆಕೆಂಡಿಗೆ 900 ಎಕ್ಸಾಹ್ಯಾಶ್ (ಒಂದು ಎಕ್ಸಾಹ್ಯಾಶ್ ಅಂದರೆ 10 ಲಕ್ಷ ಟೆರಾಹ್ಯಾಶ್) ಎಂದು ಹಿಡಿಯೋಣ. 2024ರ ಏಪ್ರಿಲ್‌ನಲ್ಲಿ ನಡೆದ ಅರ್ಧೀಕರಣದ, ಅಂದರೆ ಬಹುಮಾನ ಅರ್ಧಕ್ಕಿಳಿದ ಘಟ್ಟದ, ನಂತರ ಒಂದು ಬ್ಲಾಕ್‌ಗೆ ಬಹುಮಾನ 3.125 ಬಿಟ್‌ಕಾಯಿನ್, ದಿನಕ್ಕೆ 144 ಬ್ಲಾಕ್‌ಗಳೆಂದರೆ 450 ಬಿಟ್‌ಕಾಯಿನ್. ಇದರಲ್ಲಿ 20 ಟೆರಾಹ್ಯಾಶ್‌ನ ಪಾಲು ದಿನಕ್ಕೆ ಸುಮಾರು 1,000 ಸತೋಶಿ (10 ಕೋಟಿ ಸತೋಶಿ ಸೇರಿದರೆ ಒಂದು ಬಿಟ್‌ಕಾಯಿನ್). ಒಂದು ಬಿಟ್‌ಕಾಯಿನ್‌ಗೆ 90 ಲಕ್ಷ ರೂಪಾಯಿ ಎಂದುಕೊಂಡರೆ ದಿನಕ್ಕೆ 90 ರೂಪಾಯಿ, ತಿಂಗಳಿಗೆ 2,700 ರೂಪಾಯಿ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಆಸ್ತಿಯ ಲಾಭಕ್ಕೆ ಶೇ 30 ತೆರಿಗೆಯಿದೆ, ಅದರ ಮೇಲೆ ಶೇ 4 ಸೆಸ್ ಇದೆ. ಮೈನಿಂಗ್‌ನ ಮೂಲಸೌಕರ್ಯಕ್ಕೆ ಮಾಡಿದ ಖರ್ಚನ್ನು ಆಸ್ತಿಯ ಸ್ವಾಧೀನ ವೆಚ್ಚವೆಂದು ಪರಿಗಣಿಸಲಾಗದೆಂದು ಕೇಂದ್ರ ಸರ್ಕಾರ 2022ರ ಮಾರ್ಚ್‌ನಲ್ಲೇ ಸಂಸತ್ತಿಗೆ ತಿಳಿಸಿತ್ತಾದ್ದರಿಂದ, ನೆಟ್‌ನ ಬಿಲ್ಲನ್ನು ಆದಾಯದಿಂದ ಕಳೆದು ತೋರಿಸುವ ಭರವಸೆಯನ್ನೂ ನಾನು ಇಟ್ಟುಕೊಳ್ಳಲಿಲ್ಲ. ತೆರಿಗೆ ಕಳೆದರೆ ಕೈಯಲ್ಲಿ ಉಳಿಯುವುದು ತಿಂಗಳಿಗೆ 1,860 ರೂಪಾಯಿ. ಗಂಟೆಗೆ 2 ರೂಪಾಯಿ 58 ಪೈಸೆ.

ಈ ಅಂಕಿಯನ್ನು ಕಂಡು ಹುಡುಗನ ಮುಖ ಸಪ್ಪಗಾಯಿತು, ಆದರೆ ಮುಂದಿನ ಎಲ್ಲ ನಿರ್ಧಾರಗಳಿಗೂ ಅದೇ ಅಳತೆಗೋಲಾಯಿತು. ತಿಂಗಳಿಗೆ 300 ರೂಪಾಯಿಯ ಎರಡನೇ ಸಂಪರ್ಕ ತನ್ನ ಖರ್ಚನ್ನು ತಾನೇ ಹೊರಬೇಕಾದರೆ ತಿಂಗಳಿಗೆ 116 ಗಂಟೆಗಳ ಕಡಿತವನ್ನು ತಪ್ಪಿಸಬೇಕು. ಎರಡು ಸಂಪರ್ಕಗಳನ್ನು ಹೊಂದಿಸುವ ರೂಟರ್, 4ಜಿ ಮೋಡೆಮ್, ಹೊರಗಿನ ಆಂಟೆನಾ ಎಂದು 10,000 ರೂಪಾಯಿ ಸುರಿದರೆ ಅದು ಹಿಂದಿರುಗಲು 3,800 ಗಂಟೆಗಳಿಗೂ ಹೆಚ್ಚಿನ ಕಡಿತ ತಪ್ಪಬೇಕು, ಆದರೆ ಹಳ್ಳ ಹರಿಯುವ ಇಡೀ ಅವಧಿಯೇ 5,000 ಗಂಟೆ ಮುಟ್ಟುವುದಿಲ್ಲ. ಉಪಗ್ರಹ ಸಂಪರ್ಕದ ಬಾಡಿಗೆಯಂತೂ ಆದಾಯವನ್ನು ಪೂರ್ತಿ ನುಂಗಿ ಮೇಲೆ ಸಾಲ ಹೊರಿಸುತ್ತದೆ. ಇದೇ ಲೆಕ್ಕವನ್ನು, ಪ್ರತಿ ಟೆರಾಹ್ಯಾಶ್‌ಗೆ 20 ಜೂಲ್ ಬಳಸುವ ಹೊಸ ಯಂತ್ರಗಳಿರುವ 10 ಮೆಗಾವ್ಯಾಟ್‌ನ ದೊಡ್ಡ ಗಣಿಗೆ ಹಾಕಿದರೆ ತೆರಿಗೆಗೆ ಮುಂಚಿನ ಗಂಟೆಯ ಗಳಿಕೆ ಸುಮಾರು 94,000 ರೂಪಾಯಿ ಆಗುತ್ತದೆ. ಅಂಥವರು ಎರಡು ದಿಕ್ಕಿನಿಂದ ಫೈಬರ್ ಎಳೆಸಿ ಮೇಲೆ ಉಪಗ್ರಹವನ್ನೂ ಇಟ್ಟುಕೊಳ್ಳುವುದು ನ್ಯಾಯವೇ. ಅವರಿಗೆ ಬರೆದ ಸಲಹೆಗಳನ್ನು ಓದಿ ತೋಟದ ಮನೆಯವರು ಖರ್ಚಿಗಿಳಿಯಬಾರದು.

ಜುಲೈ ತಿಂಗಳ ದಾಖಲೆ

ಹೊಸದೇನನ್ನೂ ಕೊಳ್ಳುವ ಮೊದಲು ಒಂದು ತಿಂಗಳು ಅಳೆಯೋಣವೆಂದು ಹೇಳಿದೆ. ಮನೆಗೆ ಆಗಲೇ ಸ್ಥಳೀಯ ಕೇಬಲ್ ಆಪರೇಟರ್ ಒಬ್ಬರ ಫೈಬರ್ ಇತ್ತು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ರೂಟರಿಗೆ ಜೋಡಿಸಿ, ನಿಮಿಷಕ್ಕೊಮ್ಮೆ ಮೂರು ಕಡೆಗೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಸಣ್ಣ ಸಂದೇಶ) ಕಳುಹಿಸಿ ಬರೆದಿಡುವಂತೆ ಮಾಡಲಾಯಿತು: ಮನೆಯ ರೂಟರಿಗೆ, ಆಪರೇಟರ್‌ನ ಜಾಲದ ಹೆಬ್ಬಾಗಿಲಾದ ಮೊದಲ ಗೇಟ್‌ವೇಗೆ, ಮತ್ತು ಹೊರಗಿನ ಒಂದು ಸಾರ್ವಜನಿಕ ಡಿಎನ್‌ಎಸ್ ಸರ್ವರಿಗೆ. ಮೂರು ಕಡೆ ಏಕೆಂದರೆ, ನೆಟ್ ಹೋಯಿತು ಎಂಬುದು ದೂರಾಗಬಹುದೇ ಹೊರತು ರೋಗದ ಹೆಸರಾಗಲಾರದು. ಎಲ್ಲಿಯವರೆಗೆ ಉತ್ತರ ಬರುತ್ತಿದೆ, ಎಲ್ಲಿಂದಾಚೆ ಬರುತ್ತಿಲ್ಲ ಎಂದು ತಿಳಿದರೆ ಮಾತ್ರ ಯಾರನ್ನು ಕೇಳಬೇಕೆಂಬುದು ಗೊತ್ತಾಗುತ್ತದೆ.

ಜುಲೈನಲ್ಲಿ ಸಂಪರ್ಕ 58 ಬಾರಿ ಕಡಿಯಿತು. ಒಟ್ಟು ಹೋದದ್ದು 104 ಗಂಟೆ. ಮನೆಯವರು ಆಪರೇಟರ್‌ಗೆ ಶಾಪ ಹಾಕುತ್ತಿದ್ದರು. ದಾಖಲೆಯನ್ನು ಬಿಡಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು.

58ರಲ್ಲಿ 41 ಕಡಿತಗಳು ಮೂರು ನಾಲ್ಕು ನಿಮಿಷದವು, ಮತ್ತು ಆ ಹೊತ್ತಿನಲ್ಲಿ ಮನೆಯ ರೂಟರೇ ಉತ್ತರ ಕೊಡುತ್ತಿರಲಿಲ್ಲ. ಅಂದರೆ ತಪ್ಪು ಮನೆಯೊಳಗಿನದು. ಅದರ ಮೂಲ ಹಿಡಿಯಲು ನನಗೆ ಎರಡು ದಿನ ಬೇಕಾಯಿತು. ಹಳ್ಳದ ಬಾಯಿಯ ಜಾಲರಿಗೆ ತರಗೆಲೆ ಸಿಕ್ಕಿ ನೀರು ಕಡಿಮೆಯಾದಾಗ ಟರ್ಬೈನ್ 3 ಕಿಲೋವ್ಯಾಟ್ ಕೊಡುವುದಿಲ್ಲ. ಆ ಸಮಯದಲ್ಲಿ ನೆಟ್ ಒಮ್ಮೆ ತಪ್ಪಿತೆನ್ನಿ, ಪೂಲ್ ಸಿಗದೆ ಎರಡೂ ಯಂತ್ರಗಳ ಚಿಪ್‌ಗಳು ಸುಮ್ಮನಾಗುತ್ತವೆ, 1,600 ವ್ಯಾಟ್‌ನ ಹೊರೆ ಮಾಯವಾಗುತ್ತದೆ, ನಿಯಂತ್ರಕ ಅದನ್ನೆಲ್ಲ ಹಂಡೆಗೆ ತಿರುಗಿಸುತ್ತದೆ. ನೆಟ್ ಬಂದೊಡನೆ ಎರಡೂ ಯಂತ್ರಗಳು ಒಟ್ಟಿಗೇ ಎದ್ದು ಕೂರುತ್ತವೆ. ಬಡಕಲು ಟರ್ಬೈನ್ ಆ ಎಳೆತಕ್ಕೆ ಬಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಫೈಬರ್ ಪೆಟ್ಟಿಗೆ ಮತ್ತು ರೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ರೂಟರ್ ಆರಿತೆಂದರೆ ನೆಟ್ ಮತ್ತೆ ಇಲ್ಲ, ಯಂತ್ರಗಳು ಮತ್ತೆ ಸುಮ್ಮನೆ, ಮತ್ತೆ ಅದೇ ಸುತ್ತು. ಹಂಡೆಯ ನೀರು ಕುದಿಯುತ್ತಿರುವುದೇ ನೆಟ್ ಇಲ್ಲದಿರುವುದರ ಗುರುತೆಂದು ಮನೆಯ ಹಿರಿಯರು ತಮಾಷೆ ಮಾಡಿದ್ದರು. ಅದು ಅಕ್ಷರಶಃ ನಿಜವಾಗಿತ್ತು.

ಪರಿಹಾರ ಸಣ್ಣದು. ಈಚೆಗೆ ಎಲ್ಲ ಕಡೆ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಒಂದರ ಮೇಲೆ ರೂಟರ್ ಮತ್ತು ಫೈಬರ್ ಪೆಟ್ಟಿಗೆಯನ್ನು ಇಡಲಾಯಿತು. ಎರಡನೇ ಯಂತ್ರ ಮೊದಲನೆಯದಕ್ಕಿಂತ 5 ನಿಮಿಷ ತಡವಾಗಿ ನೆಟ್ ಕಾಣುವಂತೆ ರೂಟರಿನಲ್ಲಿ ಒಂದು ನಿಯಮ ಬರೆಯಲಾಯಿತು. ಆ 41ರ ಜಾತಿಯ ಕಡಿತಗಳು ಅಲ್ಲಿಗೆ ನಿಂತವು.

ಇನ್ನು 15 ಕಡಿತಗಳು ಅರ್ಧ ಗಂಟೆಯಿಂದ ಐದಾರು ಗಂಟೆಯವರೆಗಿನವು, ಒಟ್ಟು 31 ಗಂಟೆಯಷ್ಟು. ಇವುಗಳಲ್ಲಿ ಮನೆಯ ರೂಟರ್ ಜೀವಂತವಿತ್ತು, ಆಪರೇಟರ್‌ನ ಗೇಟ್‌ವೇ ಸಿಗುತ್ತಿರಲಿಲ್ಲ, ಬೆಳಕು ಬರುತ್ತಿಲ್ಲವೆಂದು ಸೂಚಿಸುವ ಫೈಬರ್ ಪೆಟ್ಟಿಗೆಯ ಕೆಂಪು ದೀಪ ಮಿನುಗುತ್ತಿತ್ತು. ಫೈಬರ್ ತುಂಡಾಗಿದ್ದರೆ ಯಾರಾದರೂ ಬಂದು ಜೋಡಿಸುವವರೆಗೆ ಸರಿಯಾಗದು. ಇದು ತಾನೇ ಸರಿಯಾಗುತ್ತಿತ್ತು, ಅದೂ ಊರಿನ ಕಡೆ ಕರೆಂಟು ಬಂದ ಮೇಲೆ. ಕಾರಣ ಸ್ಪಷ್ಟವಾಗಿತ್ತು. ಮನೆಗಳಿಗೆ ಫೈಬರ್ ಕೊಡುವ ಜಿಪಾನ್ ಎಂಬ ಪದ್ಧತಿಯಲ್ಲಿ, ಒಂದು ಎಳೆಯ ಬೆಳಕನ್ನು ಹಲವು ಮನೆಗಳಿಗೆ ಹಂಚಲು ನಡುವೆ ಬರುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಬೆಳಕು ತನ್ನಷ್ಟಕ್ಕೆ ಹಂಚಿಹೋಗುತ್ತದೆ. ಈ ಆಪರೇಟರ್ ಮಾತ್ರ ದೂರದ ಮನೆಗಳಿಗಾಗಿ ನಡುವಿನ ಒಂದು ಅಂಗಡಿಯ ಗೋಡೆಯಲ್ಲಿ ಕರೆಂಟು ಬೇಡುವ ಸಲಕರಣೆಯ ಪೆಟ್ಟಿಗೆಯನ್ನು ಇಟ್ಟಿದ್ದರು, ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಈ ಮನೆಯಲ್ಲಿ ಹಳ್ಳದ ಕರೆಂಟು ಉರಿಯುತ್ತಿದ್ದರೂ ಎರಡು ಕಿಲೋಮೀಟರ್ ಆಚೆಯ ಅಂಗಡಿಯಲ್ಲಿ ಕರೆಂಟು ಹೋದರೆ ಇಲ್ಲಿ ನೆಟ್ ಇಲ್ಲ. ಆ ಪೆಟ್ಟಿಗೆಯಿಂದ ಸಂಪರ್ಕ ಪಡೆಯುವ ಮನೆಗಳು ಆರು. ಆರೂ ಮನೆಯವರು ಹಣ ಸೇರಿಸಿ ಅಲ್ಲಿಗೊಂದು ಇನ್ವರ್ಟರ್ ಬ್ಯಾಟರಿ ಕೊಡಿಸಿದರು. ಆಪರೇಟರ್ ಸಂಕೋಚದಿಂದಲೋ ಸಂತೋಷದಿಂದಲೋ ಒಂದು ತಿಂಗಳ ಬಾಡಿಗೆ ಬಿಟ್ಟರು.

ಉಳಿದದ್ದು 2 ದೊಡ್ಡ ಕಡಿತಗಳು, ಎರಡೂ ಸೇರಿ 71 ಗಂಟೆ. ಒಂದು ಬಾರಿ ಮರ ಬಿದ್ದು ಫೈಬರ್ ಹರಿದಿತ್ತು. ಜಾಯಿಂಟ್ ಹಾಕುವ ಯಂತ್ರ ಇದ್ದದ್ದು ಪೇಟೆಯ ಒಬ್ಬರೇ ಕೆಲಸಗಾರರ ಬಳಿ, ಮತ್ತು ಆ ವಾರ ಅವರಿಗೆ ಇಡೀ ತಾಲ್ಲೂಕಿನಿಂದ ಕರೆ ಬರುತ್ತಿತ್ತು. ಇನ್ನೊಮ್ಮೆ ರಸ್ತೆ ಬದಿಯ ಚರಂಡಿ ತೋಡುತ್ತಿದ್ದ ಜೆಸಿಬಿ ನೆಲದೊಳಗಿನ ಮುಖ್ಯ ಕೇಬಲನ್ನೇ ಎಳೆದುಹಾಕಿತ್ತು.

ಎರಡನೇ ದಾರಿ ನಿಜಕ್ಕೂ ಎರಡನೆಯದೇ?

71 ಗಂಟೆಯೆಂದರೆ ತಿಂಗಳಿಗೆ 183 ರೂಪಾಯಿ. ಎರಡನೇ ಸಂಪರ್ಕಕ್ಕೆ ಇದಕ್ಕಿಂತ ಹೆಚ್ಚು ಕೊಟ್ಟರೆ ಮೈನಿಂಗ್‌ನ ಲೆಕ್ಕದಲ್ಲಿ ಅದು ನಷ್ಟ. ಮತ್ತೊಂದು ಕಂಪನಿಯ ಫೈಬರ್ ತೆಗೆದುಕೊಳ್ಳುವ ಯೋಚನೆ ಇಲ್ಲಿಗೇ ಬಿತ್ತು. ಅದೂ ಇವೇ ಕಂಬಗಳ ಮೇಲೆ, ಇವೇ ಮರಗಳ ಅಡಿಯಲ್ಲಿ ಬರಬೇಕಾಗಿತ್ತು, ಒಂದು ಮರ ಬಿದ್ದರೆ ಎರಡನ್ನೂ ಕೆಡವುತ್ತಿತ್ತು. ಉಳಿದದ್ದು ಮೊಬೈಲ್. ಮನೆಯಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಮ್‌ಗಳಿದ್ದವು. ಎರಡಕ್ಕೂ ಹೇಗೂ ರೀಚಾರ್ಜ್ ನಡೆಯುತ್ತಿತ್ತು: ಒಂದು ದಿನಬಳಕೆಯದು, ಇನ್ನೊಂದು ಬ್ಯಾಂಕಿನ ಖಾತೆಗೆ ಜೋಡಿಸಿದ್ದರಿಂದ ಬಿಡಲಾಗದೆ ಉಳಿಸಿಕೊಂಡ ಹಳೆಯ ನಂಬರ್. ಹೆಚ್ಚುವರಿ ತಿಂಗಳ ಖರ್ಚಿಲ್ಲದ ಎರಡನೇ ದಾರಿ ಮನೆಯಲ್ಲೇ ಇತ್ತೆಂದಾಯಿತು.

ಯಾವ ಸಿಮ್ ಎಂಬುದನ್ನು ಸಿಗ್ನಲ್ ಕಡ್ಡಿಗಳನ್ನು ನೋಡಿ ತೀರ್ಮಾನಿಸಬಾರದು. ದಿನಬಳಕೆಯ ಸಿಮ್‌ನ ಟವರ್ ಹತ್ತಿರದ್ದು, ಮನೆಯ ಅಂಗಳದಲ್ಲೂ ಚೆನ್ನಾಗಿ ಸಿಗುತ್ತದೆ. ಆದರೆ ಜೆಸಿಬಿ ಕೇಬಲ್ ಕಿತ್ತ ದಿನ ಆ ಫೋನಿನಲ್ಲಿ ಕಡ್ಡಿಗಳು ಪೂರ್ತಿ ಇದ್ದೂ ಡೇಟಾ ಇರಲಿಲ್ಲವೆಂಬುದು ಮನೆಯವರ ನೆನಪಿನಲ್ಲಿತ್ತು. ಆ ಟವರಿಗೂ ಡೇಟಾ ಹೋಗುವುದು ಅದೇ ರಸ್ತೆ ಬದಿಯ ಫೈಬರ್‌ನಲ್ಲಿ. ಎರಡು ಹೆಸರುಗಳು, ಎರಡು ಬಿಲ್ಲುಗಳು, ನೆಲದೊಳಗೆ ಮಾತ್ರ ಒಂದೇ ಕೊಳವೆ. ಇದರ ದೊಡ್ಡ ರೂಪವನ್ನು ಜಗತ್ತು 2022ರ ಜನವರಿಯಲ್ಲಿ ಕಂಡಿತ್ತು. ಚೀನಾ 2021ರಲ್ಲಿ ಮೈನಿಂಗ್ ನಿಷೇಧಿಸಿದ ನಂತರ ಕಜಕಸ್ತಾನವು ಬಿಟ್‌ಕಾಯಿನ್ ಜಾಲದ ಸುಮಾರು ಶೇ 18ರಷ್ಟು ಪಾಲಿನ ನೆಲೆಯಾಗಿ ಬೆಳೆದಿತ್ತು. ಇಂಧನ ಬೆಲೆಯ ವಿರುದ್ಧದ ಪ್ರತಿಭಟನೆ ಹಿಂಸೆಗೆ ತಿರುಗಿದಾಗ ಅಲ್ಲಿನ ಸರ್ಕಾರ ದೇಶದ ಇಂಟರ್ನೆಟ್ಟನ್ನೇ ಮುಚ್ಚಿತು, ಮತ್ತು ಜಾಲದ ಒಟ್ಟು ಹ್ಯಾಶ್‌ರೇಟ್ ಎದ್ದು ಕಾಣುವಷ್ಟು ಕುಸಿಯಿತು. ಅಲ್ಲಿನ ಗಣಿಯೊಂದು ಎಷ್ಟು ಕಂಪನಿಗಳಿಂದ ಸಂಪರ್ಕ ಪಡೆದಿದ್ದರೂ ಹೊರಗೆ ಹೋಗುವ ಬಾಗಿಲಿನ ಚಿಲಕ ಒಬ್ಬರ ಕೈಯಲ್ಲಿತ್ತು.

ಹಳೆಯ ನಂಬರಿನ ಟವರ್ ಹಿನ್ನೀರಿನ ಆಚೆ ದಡದ ಗುಡ್ಡದ ಮೇಲಿದೆ. ಅದಕ್ಕೆ ಡೇಟಾ ಬರುವುದು ಫೈಬರ್‌ನಿಂದಲ್ಲ, ಮತ್ತೊಂದು ಗುಡ್ಡದಿಂದ ಮೈಕ್ರೋವೇವ್ ತಟ್ಟೆಯ ಮೂಲಕ. ಮನೆಯೊಳಗೆ ಸಿಗ್ನಲ್ ಇಲ್ಲವೆನ್ನುವಷ್ಟು ಕಡಿಮೆ, ಅಟ್ಟದ ಪಶ್ಚಿಮದ ಕಿಂಡಿಯಲ್ಲಿ ಮಾತ್ರ ಸಿಗುತ್ತದೆ. 2020ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಈ ಭಾಗದ ಮಕ್ಕಳು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ್ದು ಎಲ್ಲರಿಗೂ ಗೊತ್ತು. ಆ ಕಿಂಡಿಯನ್ನು ಕಂಡುಹಿಡಿದದ್ದೂ ಆಗ ಹತ್ತನೇ ತರಗತಿಯಲ್ಲಿದ್ದ ಈ ಮನೆಯ ಮಗಳೇ. ಜಡಿಮಳೆಗೆ ಮೈಕ್ರೋವೇವ್ ಕೊಂಡಿ ಒಮ್ಮೊಮ್ಮೆ ಕೆಲವು ನಿಮಿಷ ಮಂಕಾಗುವುದುಂಟು. ಆದರೆ ಅದನ್ನು ಕೆಡಿಸುವ ಕಾರಣ ಬೇರೆ, ಫೈಬರನ್ನು ಕೆಡಿಸುವ ಕಾರಣ ಬೇರೆ. ಎರಡೂ ಒಟ್ಟಿಗೆ ಗಂಟೆಗಟ್ಟಲೆ ಹೋಗುವ ಸಂಭವ ಕಡಿಮೆ. ಹೀಗಾಗಿ ಸಿಗ್ನಲ್ ದುರ್ಬಲವಾಗಿದ್ದ ಸಿಮ್ಮನ್ನೇ ಆರಿಸಿದೆವು. ಯಂತ್ರಗಳಿಗೆ ಬೇಕಾದದ್ದು ಸೆಕೆಂಡಿಗೆ ಕೆಲವೇ ಕಿಲೋಬಿಟ್, ಅಷ್ಟನ್ನು ಅದು ಸಲೀಸಾಗಿ ಕೊಡುತ್ತದೆ.

ಜೋಡಣೆಗೆ ಹೊಸ ಮೋಡೆಮ್ ಕೊಳ್ಳಲಿಲ್ಲ. ಗಾಜು ಒಡೆದು ಮೂಲೆ ಸೇರಿದ್ದ ಒಂದು ಫೋನಿಗೆ ಆ ಸಿಮ್ ಹಾಕಿ, ಅಟ್ಟದ ಕಿಂಡಿಯಲ್ಲಿ ಕೂರಿಸಿ, ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ಹಳೆಯ ರೂಟರಿಗೆ ಯುಎಸ್‌ಬಿ ತಂತಿಯಲ್ಲಿ ಜೋಡಿಸಲಾಯಿತು. ಬ್ಯಾಂಕಿನ ಓಟಿಪಿ ಬಂದಾಗ ಅಟ್ಟ ಹತ್ತಬೇಕಾದ ಕಿರಿಕಿರಿಗೆ, ಸಂದೇಶವನ್ನು ಇನ್ನೊಂದು ಫೋನಿಗೆ ದಾಟಿಸುವ ಆ್ಯಪ್ ಹಾಕಲು ಹುಡುಗ ಹೊರಟಿದ್ದ. ಅದನ್ನು ನಾನು ತಡೆದೆ. ಇಷ್ಟು ಸಣ್ಣ ಗಳಿಕೆಯ ಗಣಿಗಾಗಿ ಬ್ಯಾಂಕ್ ಖಾತೆಯ ಕೀಲಿಯನ್ನು ಗಾಳಿಯಲ್ಲಿ ಹಾರಿಬಿಡುವುದು ಬೇಡ.

ಸಂಪರ್ಕ ಬದಲಾಯಿಸುವ ನಿಯಮಗಳನ್ನು ಬರೆಯುವಾಗ ಎರಡು ಕಡೆ ಎಡವಿದೆವು. ಫೈಬರ್ ಪೆಟ್ಟಿಗೆ ಮತ್ತು ರೂಟರ್ ನಡುವಿನ ತಂತಿ ಜೀವಂತವಿದ್ದರೆ ಸಾಕು, ನೆಟ್ ಇದೆಯೆಂದು ರೂಟರ್ ನಂಬಿಕೊಳ್ಳುತ್ತಿತ್ತು. ಆದ್ದರಿಂದ ಹೊರಗಿನ ಎರಡು ವಿಳಾಸಗಳಿಗೆ ಪಿಂಗ್ ಹೋಗಿ ಬಂದರೆ ಮಾತ್ರ ಇದೆಯೆಂದು ತಿಳಿಯುವಂತೆ ಬದಲಿಸಬೇಕಾಯಿತು. ಇನ್ನೊಂದು, ಫೈಬರ್ ಬಂದು ಹೋಗಿ ಮಾಡುವಾಗ ರೂಟರ್ ಪ್ರತಿ ಬಾರಿಯೂ ಅತ್ತಿತ್ತ ಜಿಗಿಯುತ್ತಿತ್ತು. ದಾರಿ ಬದಲಾದಾಗಲೆಲ್ಲ ಪೂಲ್‌ನೊಂದಿಗಿನ ಹಳೆಯ ಕೊಂಡಿ ಸತ್ತಿರುತ್ತದೆ, ಆದರೆ ಯಂತ್ರಕ್ಕೆ ಅದು ತಿಳಿಯಲು ಒಂದೆರಡು ನಿಮಿಷ ಬೇಕಾಗುತ್ತದೆ. ಹೀಗಾಗಿ ಹತ್ತು ಸೆಕೆಂಡಿನ ಕಡಿತವನ್ನು ತಪ್ಪಿಸಲು ಹೋಗಿ ಎರಡು ನಿಮಿಷ ಕಳೆದುಕೊಳ್ಳುತ್ತಿದ್ದೆವು. ಫೈಬರ್ ಒಂದು ನಿಮಿಷ ಪೂರ್ತಿ ಇಲ್ಲದಿದ್ದರೆ ಮಾತ್ರ ಸಿಮ್‌ಗೆ ಹೋಗುವುದು, ಹತ್ತು ನಿಮಿಷ ಸ್ಥಿರವಾಗಿದ್ದರೆ ಮಾತ್ರ ಹಿಂದಿರುಗುವುದು ಎಂದು ಗೊತ್ತುಪಡಿಸಿದ ಮೇಲೆ ಅದು ಸರಿಹೋಯಿತು. ಸಿಮ್‌ನ ದಾರಿಯಲ್ಲಿ ಮೈನಿಂಗ್ ಯಂತ್ರಗಳಿಗೆ ಮಾತ್ರ ಅವಕಾಶ. ಇಲ್ಲದಿದ್ದರೆ ಮನೆಯ ಟಿವಿ ಒಂದೇ ಸಂಜೆಯಲ್ಲಿ ದಿನದ ಡೇಟಾ ಮುಗಿಸಿಬಿಡುತ್ತದೆ.

ಆಗಸ್ಟ್‌ನಲ್ಲಿ ಯಂತ್ರಗಳು ಕೆಲಸವಿಲ್ಲದೆ ನಿಂತದ್ದು ಒಟ್ಟು 9 ಗಂಟೆ. ಅದರಲ್ಲಿ 6 ಗಂಟೆ ನೆಟ್‌ನಿಂದಲ್ಲ, ರಾತ್ರಿ ಜಾಲರಿಗೆ ತರಗೆಲೆ ಕಟ್ಟಿ ಟರ್ಬೈನೇ ನಿಂತದ್ದರಿಂದ. ಅಟ್ಟದ ಫೋನಿನ ಬ್ಯಾಟರಿ ಸದಾ ಚಾರ್ಜ್‌ನಲ್ಲಿದ್ದು ಅಕ್ಟೋಬರ್ ಹೊತ್ತಿಗೆ ಉಬ್ಬಿಕೊಂಡಿತು. ಅದನ್ನು ತೆಗೆದು, ದಿನಕ್ಕೆ ನಾಲ್ಕೇ ಗಂಟೆ ಚಾರ್ಜ್ ಕೊಡುವ ಟೈಮರ್ ಹಾಕಿ ಬೇರೊಂದು ಹಳೆಯ ಫೋನನ್ನು ಇಡಲಾಯಿತು. ಜನವರಿಯಲ್ಲಿ ಹಳ್ಳ ಸೊರಗಿದಾಗ ಯಂತ್ರಗಳನ್ನು ನಿಲ್ಲಿಸಿ ಗೋಣಿ ಮುಚ್ಚಿದರು, ಸಿಮ್ ಕೆಳಗಿಳಿದು ಬಂತು. ಅಂಗಡಿಯ ಗೋಡೆಯ ಬ್ಯಾಟರಿ ಮಾತ್ರ ಬೇಸಿಗೆಯಲ್ಲೂ ಆರು ಮನೆಗಳಿಗೆ ನೆಟ್ ಕೊಡುತ್ತಿದೆ; ಅದಕ್ಕೆ ಡಿಸ್ಟಿಲ್ಡ್ ನೀರು ಹಾಕುವ ಸರದಿ ಈ ತಿಂಗಳು ಯಾರದ್ದೆಂಬುದು ಇನ್ನೂ ತೀರ್ಮಾನವಾಗಿಲ್ಲ.